ಮೂಲ ಹೇಗಿದೆಯೋ ಹಾಗೆ

ನಮ್ಮೂರಿನ ಬೀದಿಗಳಿಗೆ ದಿನಕ್ಕೆ ಎರಡು ಸಲ ಕಡಲು ಬರುತ್ತದೆ. ಹೊಸ್ತಿಲು ದಾಟಿ ಒಳಗೆ ಬಂದು, ಎದೆಯೆತ್ತರಕ್ಕೆ ನಿಂತು, ಬಂದ ಕೆಲಸ ಮರೆತವರ ಹಾಗೆ ತಿರುಗಿ ಹೋಗುತ್ತದೆ. ನಮ್ಮಲ್ಲಿ ಗೋಡೆಗೆ ಸುಣ್ಣ ಬಳಿಯುವವರು ಅರ್ಧದಿಂದ ಮೇಲಕ್ಕೆ ಮಾತ್ರ ಬಳಿಯುತ್ತಾರೆ. ಅಂಗಡಿಯವರು ತಕ್ಕಡಿಯನ್ನು ಜಂತಿಗೆ ನೇತುಹಾಕಿಯೇ ವ್ಯಾಪಾರ ಮಾಡುತ್ತಾರೆ. ಮದುವೆಯ ಮುಹೂರ್ತ ಇಡುವ ಭಟ್ಟರು ಪಂಚಾಂಗ ಬಿಡಿಸುವ ಮೊದಲು ನೀರುಕಚೇರಿಗೆ ಫೋನ್ ಮಾಡುತ್ತಾರೆ. ಇದರಲ್ಲೇನು ವಿಶೇಷ ಎಂದು ನಮಗೆ ಅನಿಸುವುದಿಲ್ಲ. ಹೊರಗಿನವರು ಕೇಳಿದಾಗಷ್ಟೇ ಓಹೋ ಎಂದುಕೊಳ್ಳುತ್ತೇವೆ.

ಹಿಂದೆ ಕಡಲು ಎಲ್ಲ ಕೇರಿಗಳಿಗೂ ಒಟ್ಟಿಗೇ ನುಗ್ಗುತ್ತಿತ್ತಂತೆ. ಈಗ ಪ್ರತಿ ಕೇರಿಯ ಬಾಯಿಗೂ ಒಂದು ಕಬ್ಬಿಣದ ಬಾಗಿಲಿದೆ. ಗಂಟೆ ಬಾರಿಸಿ, ಆ ಬಾಗಿಲುಗಳನ್ನು ಒಂದಾದ ಮೇಲೊಂದು ತೆರೆಯುವುದು ನೀರುಕಚೇರಿಯ ಕಂಪ್ಯೂಟರ್. ಅದರೊಳಗಿನ ಪ್ರೋಗ್ರಾಂ ನಾವು ಬರೆದದ್ದಲ್ಲ. ಬಡಗಣ ದೊಡ್ಡೂರಿನವರು ತಮ್ಮ ಊರಿಗೆಂದು ಬರೆದು, ಯಾರಿಗೆ ಬೇಕೋ ಅವರು ಒಯ್ಯಿರಿ ಎಂದು ತೆರೆದಿಟ್ಟದ್ದು. ನಮ್ಮವರು ಅದರದೊಂದು ಪ್ರತಿ ತಂದು ನಮ್ಮ ಕೇರಿಗಳಿಗೆ ಬೇಕಾದಂತೆ ಅಲ್ಲಲ್ಲಿ ತಿದ್ದಿಕೊಂಡರು. ಅವರದ್ದು ಮೂಲ, ನಮ್ಮದು ಅದರ ಕವಲು. ಮೂಲದವರು ಸುಮ್ಮನೆ ಕೂರುವವರಲ್ಲ, ತಮ್ಮದನ್ನು ತಿದ್ದುತ್ತಲೇ ಇರುತ್ತಾರೆ. ಆ ತಿದ್ದುಪಡಿಗಳನ್ನು ಆಗಾಗ ತಂದು ನಮ್ಮ ಪ್ರತಿಗೂ ಸೇರಿಸಬೇಕು, ಇಲ್ಲದಿದ್ದರೆ ನಮ್ಮದು ಹಳತಾಗಿ ಹೊಸ ಮೋಟರುಗಳು ಅದರ ಮಾತು ಕೇಳುವುದನ್ನೇ ಬಿಡುತ್ತವೆ. ಸೇರಿಸುವಾಗ ನಾವು ತಿದ್ದಿಕೊಂಡದ್ದು ಅಳಿಸಿಹೋಗದಂತೆಯೂ ನೋಡಬೇಕು. ಈ ಕೆಲಸ ನನ್ನ ದೊಡ್ಡಮ್ಮನ ಮಗಳು ವಾರಿಜಕ್ಕನದಾಗಿತ್ತು.

ನನ್ನ ಟೈಲರಿಂಗ್ ಅಂಗಡಿ ನೀರುಕಚೇರಿಯ ಎದುರಿನ ಮಹಡಿಯಲ್ಲಿದೆ. ಮಧ್ಯಾಹ್ನದ ನೀರು ಬಂದಾಗ ಅವಳು ಬುತ್ತಿ ಹಿಡಿದುಕೊಂಡು ಕಚೇರಿಯಿಂದ ಅಂಗಡಿಗೆ ಹಾಕಿದ ಹಲಗೆಯ ಮೇಲೆ ನಡೆದು ಬರುತ್ತಿದ್ದಳು. ಊಟ ಮಾಡುತ್ತ ತನ್ನ ಕೆಲಸದ ಬಗ್ಗೆ ಹೇಳುತ್ತಿದ್ದಳು. ನನಗೆ ಅರ್ಥವಾದದ್ದು ಕಡಿಮೆ. ಮೂಲದವರು ತಿದ್ದಿದ ಸಾಲನ್ನೇ ನಾವೂ ಬೇರೆ ರೀತಿ ತಿದ್ದಿದ್ದರೆ ಕಂಪ್ಯೂಟರ್ ಅಲ್ಲಿ ನಿಂತು, ಯಾರ ಮಾತು ನಡೆಸಲಿ ಎಂದು ಕೇಳುತ್ತದಂತೆ. ಅದನ್ನು ಅವಳು ತಕರಾರು ಎನ್ನುತ್ತಿದ್ದಳು. "ಇವತ್ತು ಪುನಃ ಬುಟ್ಟಿ ಕೇರಿ ತಕರಾರು" ಎಂದರೆ ಆ ದಿನ ಅವಳಿಗೆ ಅನ್ನ ಗಂಟಲಿಳಿಯುತ್ತಿರಲಿಲ್ಲ.

ಬುಟ್ಟಿ ಕೇರಿ ನಮ್ಮೂರಿನ ಎಲ್ಲಕ್ಕಿಂತ ತಗ್ಗಿನ ಕೇರಿ, ಬಟ್ಟಲಿನ ತಳದ ಹಾಗೆ. ಅಲ್ಲಿಯ ಮನೆಗಳಿಗೆ ಮಹಡಿಯಿಲ್ಲ. ಗಂಟೆ ಬಾರಿಸಿದೊಡನೆ ಜನ ಒಂದೇ ಒಂದು ಕಲ್ಲುಮೆಟ್ಟಿಲು ಹತ್ತಿ ಮೇಲಿನ ಕಟ್ಟೆಗೆ ಬಂದು ಕೂರಬೇಕು. ಬೇರೆಡೆ ಮನೆ ಮಾಡಬಾರದೇ ಎಂದು ಕೇಳುವವರಿದ್ದಾರೆ. ಕೇರಿಯವರು ಬುಟ್ಟಿ ಹೆಣೆಯುವ ಬೆತ್ತ ಅಲ್ಲಿ ನಿಲ್ಲುವ ಉಪ್ಪುನೀರಿನಲ್ಲೇ ನೆನೆದು ಹದಕ್ಕೆ ಬರಬೇಕು, ಬೇರೆ ನೀರಿನಲ್ಲಿ ಅದು ಬಾಗಿಸಿದರೆ ಮುರಿಯುತ್ತದೆ. ವಾರಿಜಕ್ಕ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಲ್ಲಿಯ ಒಬ್ಬ ಬಾಣಂತಿ ಮೆಟ್ಟಿಲ ಅರ್ಧದಲ್ಲಿ ನೀರಿಗೆ ಸಿಕ್ಕಿ, ಹೇಗೋ ಬದುಕಿದಳು. ವಾರಿಜಕ್ಕ ಮರುದಿನವೇ ಹೋಗಿ ಆ ಮೆಟ್ಟಿಲುಗಳನ್ನು ತಾನೇ ಹತ್ತಿ ಇಳಿದು ನೋಡಿದಳು. ಆಮೇಲೆ ಕಟ್ಟೆಯ ಮೇಲೆ ಒಂದು ಹಸಿರು ಸ್ವಿಚ್ಚು ಹಾಕಿಸಿ, ಪ್ರೋಗ್ರಾಮಿನಲ್ಲಿ ಕೆಲವು ಸಾಲು ಬರೆದಳು. ಗಂಟೆ ಬಾರಿಸಿದ ಮೇಲೆ ಆ ಕೇರಿಯವರು ಎಲ್ಲರೂ ಮೇಲೆ ಬಂದೆವು ಎಂದು ಸ್ವಿಚ್ಚು ಒತ್ತುವವರೆಗೆ ಅಲ್ಲಿಯ ಬಾಗಿಲು ತೆರೆಯುವಂತಿಲ್ಲ. ಕಡಲು ಹೊರಗೆ ನಿಂತು ಕಾಯಬೇಕು.

ಒತ್ತುವ ಕೆಲಸವನ್ನು ಕೇರಿಯವರು ದೂಮಣ್ಣನಿಗೆ ಒಪ್ಪಿಸಿದರು. ದೂಮಣ್ಣ ಬೆತ್ತದ ತೊಟ್ಟಿಲು ಹೆಣೆಯುವುದರಲ್ಲಿ ಹೆಸರಾದವನು. ಅವನ ಹೆಂಡತಿ ಕಮಲಿ ಅವನಿಗಿಂತ ಚುರುಕು, ಮಾತು ಕಡಿಮೆ. ಪ್ರತಿ ಸಲವೂ ಅವನು ಕಟ್ಟೆಯ ಮೇಲೆ ನಿಂತು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು, ಓ ಎಂದವರನ್ನೆಲ್ಲ ಮತ್ತೊಮ್ಮೆ ಕಣ್ಣಿನಿಂದ ನೋಡಿ, ಆಮೇಲೆಯೇ ಬೆರಳಿಡುತ್ತಿದ್ದ. "ಅಲ್ಲ ಅಕ್ಕ, ಕಡಲು ನನ್ನ ಮಾತು ಕೇಳ್ತದೆ ಅಂದ್ರೆ ನನ್ನ ಅಪ್ಪ ನಂಬ್ತಿದ್ರಾ" ಎಂದು ವಾರಿಜಕ್ಕನ ಹತ್ತಿರ ನಗುತ್ತಿದ್ದ.

ಆದರೆ ಬುಟ್ಟಿ ಕೇರಿ ತುಂಬಿದ ಮೇಲೆಯೇ ಪೇಟೆ ಕೇರಿಗೆ ನೀರು ಬಿಡುವುದು ಕ್ರಮ. ಇಲ್ಲಿ ತಡವಾದರೆ ಅಲ್ಲಿ ನೀರು ತಡವಾಗಿ ಬಂದು, ತಡವಾಗಿ ಇಳಿಯುತ್ತದೆ. ಪೇಟೆಯವರ ಸಂಜೆಯ ವ್ಯಾಪಾರ ಅಷ್ಟು ಮೊಟಕಾಗುತ್ತದೆ. ದೊಡ್ಡೂರಿನಲ್ಲಿ ಸಂಜೆ ಚಹಾದ ಹೊತ್ತಿಗೆ ಅಂಗಡಿ ತೆರೆಯುತ್ತಾರಂತೆ, ನಮ್ಮಲ್ಲಿ ಬುಟ್ಟಿಯವರು ಮೆಟ್ಟಿಲು ಹತ್ತಿ ಮುಗಿಯಬೇಕಂತೆ ಎಂದು ಅವರು ಗೊಣಗುತ್ತಿದ್ದರು. ನೀರುಕಚೇರಿಯನ್ನು ನಡೆಸುವ ನೀರುಸಭೆಯ ಅಧ್ಯಕ್ಷ ರಘುವೀರರೂ ಪೇಟೆಯವರೇ.

ವಾರಿಜಕ್ಕನಿಗೆ ಒಂದೇ ದಾರಿ ಕಂಡಿತು. ತನ್ನ ಸಾಲುಗಳನ್ನು ಮೂಲದವರೇ ಸ್ವೀಕರಿಸಿ ತಮ್ಮದರೊಳಗೆ ಸೇರಿಸಿಕೊಂಡರೆ ಮುಂದೆ ತಕರಾರೇ ಇರುವುದಿಲ್ಲ. ತಗ್ಗಿನ ಕೇರಿ ಇರುವ ಬೇರೆ ಊರುಗಳಿಗೂ ಅನುಕೂಲ. ಮೂಲವನ್ನು ನೋಡಿಕೊಳ್ಳುವ ಪದ್ಮನಾಭಯ್ಯ ಎಂಬವರಿಗೆ ಅವಳು ಅದನ್ನು ಕಳಿಸಿಕೊಟ್ಟಳು. ಬಹಳ ದಿನ ಬಿಟ್ಟು ಮರ್ಯಾದೆಯ ಉತ್ತರ ಬಂತು. ನಿಮ್ಮ ಶ್ರಮ ಮೆಚ್ಚುವಂಥದ್ದು, ಆದರೆ ನಮ್ಮ ಊರಿನಲ್ಲಿ ಅಂಥ ಕೇರಿ ಇಲ್ಲ, ಬಾಗಿಲೊಂದು ಮನುಷ್ಯರಿಗಾಗಿ ಕಾಯುವುದು ನಮ್ಮ ಪದ್ಧತಿಯೂ ಅಲ್ಲ ಎಂದು. ಅವಳು ಮುಂದಿನ ವರ್ಷ ಮತ್ತೆ ಕಳಿಸಿದಳು. ಅದರ ಮುಂದಿನ ವರ್ಷವೂ ಕಳಿಸಿದಳು. ಆಗ ಉತ್ತರವೂ ಬರಲಿಲ್ಲ.

"ಅವರೆಂತಕ್ಕೆ ತಕ್ಕೊಳ್ಳುದಿಲ್ಲ?" ಎಂದು ನಾನು ಕೇಳಿದೆ.

"ಅವರು ಮುಳುಗುದಿಲ್ಲ ಅಲ್ವಾ" ಎಂದಳು.

ಹೀಗೆ ಹೊಸತು ಬಂದಾಗಲೆಲ್ಲ ಅವಳು ಒಬ್ಬಳೇ ಕುಳಿತು ಮೂಲದ ಸಾವಿರಾರು ಸಾಲುಗಳನ್ನು ಓದಿ, ತನ್ನ ಆ ಕೆಲವು ಸಾಲುಗಳಿಗೆ ಜಾಗ ಮಾಡಿಕೊಟ್ಟು, ಬಾಗಿಲನ್ನು ಪರೀಕ್ಷಿಸಿ, ಆಮೇಲೆ ನಡೆಸಲು ಬಿಡುತ್ತಿದ್ದಳು. ಮೂಲದವರ ವೇಗ ಹೆಚ್ಚಾಯಿತು. ನಾವು ಹಿಂದೆ ಬಿದ್ದೆವು. ಪಕ್ಕದ ಊರುಗಳಲ್ಲಿ ನೀರು ಬರುವ ಹೊತ್ತು ಮೊಬೈಲಿಗೇ ಬರುತ್ತಿತ್ತು, ನಮ್ಮಲ್ಲಿ ಇನ್ನೂ ಗಂಟೆ ಮಾತ್ರ. ಸಭೆಯಲ್ಲಿ ರಘುವೀರರು ಕೇಳಿದರು, "ವಾರಿಜಾ, ಅವರು ಹತ್ತು ಹೆಜ್ಜೆ ಹೋಗುವಾಗ ನಾವು ಒಂದು ಇಡುದಾ? ಮೂಲ ಹೇಗುಂಟೋ ಹಾಗೇ ತಕ್ಕೊಳ್ಳಿಕ್ಕೆ ಎಂತ ಕಷ್ಟ?"

"ಹಾಗೇ ತಕ್ಕೊಂಡ್ರೆ ಬುಟ್ಟಿ ಕೇರಿಯ ಬಾಗಿಲು ಕಾಯುದಿಲ್ಲ ಸರ್."

"ಕಾಯುದು ಬೇಡ. ಗಂಟೆ ಉಂಟಲ್ಲ. ಗಂಟೆ ಕೇಳಿದ ಮೇಲೆ ಹತ್ತುದು ಅವರ ಜವಾಬ್ದಾರಿ."

ಅವಳು ಮೆಟ್ಟಿಲಿನ ಎತ್ತರ ಹೇಳಿದಳು, ಬಾಣಂತಿಯ ಕತೆ ಹೇಳಿದಳು. ಸಭೆಯಲ್ಲಿದ್ದವರು ತಲೆಯಾಡಿಸಿದರು, ಆಮೇಲೆ ಕೈ ಎತ್ತಿದರು. ಇನ್ನು ಮುಂದೆ ಊರಿಗೆಂದು ಏನನ್ನೂ ತಿದ್ದತಕ್ಕದ್ದಲ್ಲ, ಮೂಲ ಹೇಗಿದೆಯೋ ಹಾಗೆ ಎಂದು ತೀರ್ಮಾನವಾಯಿತು. ವಾರಿಜಕ್ಕ ತನ್ನ ಕೈಯಿಂದ ಅದನ್ನು ಮಾಡಲಾರೆ ಎಂದಳು. ಮಾಡಬೇಕಾಗಿಯೂ ಬರಲಿಲ್ಲ. ರಘುವೀರರ ಅಕ್ಕನ ಮಗ ಸುಹಾಸ, ದೊಡ್ಡೂರಿನಲ್ಲಿ ಓದಿ ಬಂದವನು, ಅವಳ ಕುರ್ಚಿಗೆ ಬಂದ. ಕೆಟ್ಟವನೇನಲ್ಲ. ಅವಳೆದುರಿಗೇ ಒಂದು ಆಜ್ಞೆ ಟೈಪ್ ಮಾಡಿದ, ನಮ್ಮದೆಲ್ಲ ಬಿಟ್ಟು ಅವರದನ್ನೇ ತೆಗೆದುಕೋ ಎಂಬ ಅರ್ಥದ್ದು. ತಕರಾರು ಏನೂ ಬರಲಿಲ್ಲ. ಒಂದು ಗುಟುಕು ಚಹಾ ಕುಡಿಯುವಷ್ಟರಲ್ಲಿ ಮುಗಿಯಿತು. ಇಷ್ಟೇಯಾ ಎಂದು ಅವನಿಗೇ ಆಶ್ಚರ್ಯವಾಯಿತಂತೆ. ಅವಳು ತನ್ನ ಬುತ್ತಿಯ ಡಬ್ಬಿ, ಕೊಡೆ ತೆಗೆದುಕೊಂಡು ಹಲಗೆ ದಾಟಿ ನನ್ನ ಅಂಗಡಿಗೆ ಬಂದು, ಕಾಜಾ ಹೊಲಿಯುವ ಕೆಲಸ ಇದ್ದರೆ ಕೊಡು ಎಂದಳು.

ಮರುದಿನ ನೀರಿಳಿದ ಮೇಲೆ ಅವಳು ಬುಟ್ಟಿ ಕೇರಿಗೆ ಹೋದಳು. ನಾನೂ ಜೊತೆಗಿದ್ದೆ. ದೂಮಣ್ಣ ಒದ್ದೆ ಬೆತ್ತದ ಕಟ್ಟು ಬಿಚ್ಚುತ್ತಿದ್ದ. ಕಮಲಿ ಮೊರದಲ್ಲಿ ಮೀನು ಆರಿಸುತ್ತಿದ್ದಳು.

"ದೂಮಣ್ಣ, ಇನ್ನು ಆ ಸ್ವಿಚ್ಚಿಗೆ ಅರ್ಥ ಇಲ್ಲ. ಒತ್ತಿದ್ರೂ ಒಂದೇ, ಒತ್ತದಿದ್ರೂ ಒಂದೇ. ಗಂಟೆ ಆದ ಕೂಡ್ಲೆ ಹತ್ತಿ ಬನ್ನಿ. ಅದು ಕಾಯುದಿಲ್ಲ."

ಅವನು ಅವಳ ಮುಖ ನೋಡಿದ. "ಎಂತ ಅಕ್ಕ, ನಿನ್ನೆ ನಾನು ಒತ್ತಿದ ಮೇಲೆಯೇ ಬಂತಲ್ಲ ನೀರು. ಇವತ್ತೂ ಹಾಗೇ. ಹಸಿರು ಬೆಳಕು ಸಹ ಹತ್ತಿತು."

"ಬೆಳಕು ಹತ್ತುದು ವಯರಿನಿಂದ. ಬಾಗಿಲಿಗೂ ಅದಕ್ಕೂ ಈಗ ಸಂಬಂಧ ಇಲ್ಲ. ಬೇಕಾದ್ರೆ ಒಮ್ಮೆ ಒತ್ತದೆ ನೋಡಿ."

"ಒತ್ತದೆ ನಿಂತ್ರೆ ಪೇಟೆಯವರು ನನ್ನನ್ನು ಬಿಡ್ತಾರಾ? ಈಗಲೇ ಬೇಗ ಒತ್ತು, ಬೇಗ ಒತ್ತು ಅಂತಾರೆ." ನಂತರ ಮೆತ್ತಗೆ ಹೇಳಿದ, "ನಿಮ್ಮ ಕೆಲಸ ಹೋಯ್ತು ಅಂತ ಕೇಳಿದೆ. ಬೇಜಾರು ನನಗೂ ಉಂಟು. ಆದ್ರೆ ನೀವು ಮಾಡಿದ್ದು ಅಷ್ಟು ಸುಲಭದಲ್ಲಿ ಹೋಗುವಂಥದ್ದಲ್ಲ ಅಕ್ಕ."

ಅವನಿಗೆ ಅವಳ ಮೇಲಿದ್ದ ಗೌರವವೇ ಅವಳ ಮಾತು ನಂಬದಂತೆ ಮಾಡಿತು. ಪೇಟೆಯವರ ಒತ್ತಾಯಕ್ಕೆ ಅವನು ಇತ್ತೀಚೆಗೆ ಎಲ್ಲರನ್ನೂ ಅವಸರದಿಂದ ಹತ್ತಿಸುತ್ತಿದ್ದ. ಹಾಗಾಗಿ ಗಂಟೆಯಾಗಿ ಸ್ವಲ್ಪ ಹೊತ್ತಿಗೆ ಬಾಗಿಲು ತಾನಾಗಿ ತೆರೆಯುವ ಮೊದಲೇ ಅವನ ಬೆರಳು ಸ್ವಿಚ್ಚಿನ ಮೇಲಿರುತ್ತಿತ್ತು. ನೀರು ಪ್ರತಿ ಸಲವೂ ಅವನ ಮಾತು ಕೇಳಿದಂತೆಯೇ ಬರುತ್ತಿತ್ತು. ವಾರಿಜಕ್ಕ ಕೇರಿಯ ಬೇರೆ ಮನೆಗಳಿಗೂ ಹೋದಳು. ಹೌದಾ ಅಕ್ಕ, ಹೌದಾ ಎಂದರು. ದೂಮಣ್ಣ ಇರುವಾಗ ಭಯ ಎಂತದ್ದು ಎಂದರು. ಕಚೇರಿಯ ಹೊರಗೆ ಒಂದು ಬೋರ್ಡಾದರೂ ಹಾಕಿ ಎಂದು ಅವಳು ಸುಹಾಸನನ್ನು ಕೇಳಿದಳು. ಅವನು ಮಾವನನ್ನು ಕೇಳಿದ. ಜನರನ್ನು ಸುಮ್ಮನೆ ಹೆದರಿಸುವುದು ಬೇಡ ಎಂದು ಮಾವ ಹೇಳಿದರು.

ಪೇಟೆಯಲ್ಲಿ ಸಂಜೆಯ ವ್ಯಾಪಾರ ಜೋರಾಯಿತು. ನೀರಿನ ಹೊತ್ತು ನಮ್ಮ ಮೊಬೈಲಿಗೂ ಬರತೊಡಗಿತು. ನಾನೂ ಅದನ್ನು ನೋಡಿಕೊಂಡೇ ಅಂಗಡಿ ತೆರೆಯುತ್ತಿದ್ದೆ.

ಮಳೆಗಾಲಕ್ಕೆ ಮುಂಚಿನ ಒಂದು ಮಧ್ಯಾಹ್ನ, ಗಂಟೆ ಬಾರಿಸಿದ ಮೇಲೆ, ದೂಮಣ್ಣನ ಚಿಕ್ಕಮ್ಮ ಬೊಮ್ಮಿ ಅಜ್ಜಿ ಕೂಗಿಗೆ ಓ ಎನ್ನಲಿಲ್ಲ. ತೊಲೆಗೆ ಕಟ್ಟಿದ ಬೆತ್ತದ ಗಂಟು ಸಡಿಲಾಗಿದೆ ಎಂದು ಅವಳು ಹಿಂದಕ್ಕೆ ಹೋಗಿದ್ದಳು. ದೂಮಣ್ಣ ಕಮಲಿಗೆ, "ನಾನು ಕರ್ಕೊಂಡು ಬರ್ತೇನೆ, ಅಷ್ಟರವರೆಗೆ ಒತ್ತಬೇಡ" ಎಂದು ಹೇಳಿ ಇಳಿದುಹೋದ. ಕಮಲಿ ಸ್ವಿಚ್ಚಿನ ಪಕ್ಕ ನಿಂತಳು. ಯಾರೂ ತಾಗದಂತೆ ಅದರ ಮೇಲೆ ಅಂಗೈ ಅಡ್ಡ ಹಿಡಿದು ನಿಂತಿದ್ದಳಂತೆ. ಅವಳು ಒತ್ತಲಿಲ್ಲ. ಬಾಗಿಲು ತೆರೆಯಿತು. ದೂಮಣ್ಣ ಅಜ್ಜಿಯನ್ನು ಬೆನ್ನಿಗೆ ಹಾಕಿಕೊಂಡು ಕೇರಿಯ ನಡುವಿಗೆ ಬಂದಿದ್ದ. ನೀರಿನ ಸದ್ದು ಕೇಳಿ ಅವನು ಮೊದಲು ನೋಡಿದ್ದು ನೀರಿನ ಕಡೆಗಲ್ಲ, ಕಟ್ಟೆಯ ಮೇಲಿದ್ದ ಹೆಂಡತಿಯ ಕಡೆಗೆ. ಒತ್ತಿಬಿಟ್ಟೆಯಾ ಎನ್ನುವ ಹಾಗೆ ನೋಡಿದ ಎಂದು ಕಮಲಿ ಆಮೇಲೆ ವಾರಿಜಕ್ಕನಿಗೆ ಹೇಳಿದಳು. ಬೇರೆ ಯಾರಿಗೂ ಅದನ್ನು ಹೇಳಲಿಲ್ಲ. ದೂಮಣ್ಣ, ಅಜ್ಜಿ ಇಬ್ಬರ ದೇಹವೂ ನೀರಿಳಿದ ಮೇಲೆ ಸಿಕ್ಕಿತು.

ವಿಚಾರಣೆ ನಡೆಯಿತು. ವರದಿಯನ್ನು ಸಭೆಯಲ್ಲಿ ಓದಿದರು. ಗಂಟೆ ಸರಿಯಾಗಿ ಬಾರಿಸಿದೆ, ಬಾಗಿಲು ಮೂಲದ ಕ್ರಮದಂತೆ ಸರಿಯಾಗಿ ತೆರೆದಿದೆ. ಹಿಂದಿನ ನೌಕರರು ಮೂಲವನ್ನು ಮೀರಿ ಮಾಡಿದ ತಿದ್ದುಪಡಿಯಿಂದಾಗಿ ಆ ಕೇರಿಯ ಜನರಿಗೆ ಬಾಗಿಲು ಕಾಯುತ್ತದೆ ಎಂಬ ತಪ್ಪು ಅಭ್ಯಾಸವಾಗಿದ್ದೇ ದುರಂತಕ್ಕೆ ಕಾರಣ. ವಾರಿಜಕ್ಕ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದಳು.   ದಾರಿಯಲ್ಲಿ ಬರುವಾಗ, "ಅವರು ಹೇಳಿದ್ದರಲ್ಲಿ ಸುಳ್ಳು ಒಂದು ಸಹ ಇಲ್ಲ, ನೋಡು. ಒಂದೊಂದೂ ನಿಜವೇ" ಎಂದಳು. ಅಂಥ ದನಿಯನ್ನು ನಾನು ಅವಳಲ್ಲಿ ಅದುವರೆಗೆ ಕೇಳಿರಲಿಲ್ಲ.

ಸುದ್ದಿ ದೊಡ್ಡೂರಿಗೆ ಮುಟ್ಟಿತು. ಬೇರೆ ಊರುಗಳಿಂದಲೂ ದೂರು ಹೋಗಿರಬೇಕು. ಮಳೆಗಾಲ ಮುಗಿಯುವಷ್ಟರಲ್ಲಿ ಮೂಲದ ಹೊಸ ಆವೃತ್ತಿ ಬಂತು, ತಗ್ಗಿನ ಕೇರಿಗಳಿಗೆ ಕಾಯುವ ಸೌಲಭ್ಯ ಸಮೇತ. ರಘುವೀರರು ಅದಕ್ಕೆ ಉದ್ಘಾಟನೆ ಇಟ್ಟರು. ಹಳೆಯ ಸ್ವಿಚ್ಚು ಕಿತ್ತು ಹೊಸದು ಹಾಕಿದರು. ಒತ್ತಲು ಕಮಲಿಯನ್ನೇ ಕರೆದರು.

ಉದ್ಘಾಟನೆಯ ಬೆಳಿಗ್ಗೆ ಸುಹಾಸ ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನ ಅಂಗಡಿಗೆ ಬಂದ. ದೂಮಣ್ಣ ಸತ್ತ ಮೇಲೆ ಅವನ ಮುಖ ಸೊರಗಿತ್ತು. "ಅಕ್ಕ, ಇದನ್ನೊಮ್ಮೆ ಓದ್ತೀರಾ? ನಾನು ಓದಿದೆ. ಆದ್ರೆ ನೀವು ಓದಿದ್ರೆ ಒಳ್ಳೇದು" ಎಂದ. ವಾರಿಜಕ್ಕ ಕೈಯಲ್ಲಿದ್ದ ರವಿಕೆಯನ್ನು ಬದಿಗಿಟ್ಟು ಓದಿದಳು. ಓದುತ್ತ ಒಂದು ಕಡೆ ಅವಳ ಕಣ್ಣು ನಿಂತಿತು. ಅವು ಅವಳದೇ ಸಾಲುಗಳು. ಅವಳು ಇಟ್ಟ ಹೆಸರುಗಳೇ ಇದ್ದವು. ಒಂದು ಶಬ್ದದಲ್ಲಿ ಅವಳು ಮಾಡಿದ್ದ ಅಕ್ಷರದ ತಪ್ಪು ಕೂಡ ಹಾಗೇ ಇತ್ತು. ಬರೆದವರು ಎಂಬಲ್ಲಿ ಪದ್ಮನಾಭಯ್ಯನ ಹೆಸರಿತ್ತು.  ಅವಳಿಗೆ ಅದು ಲೆಕ್ಕಕ್ಕೇ ಬಂದಂತೆ ಕಾಣಲಿಲ್ಲ, ಮುಂದೆ ಓದುತ್ತಿದ್ದಳು. ಓದಿ ಮುಗಿಸಿ, ಕೆಳಗಿನ ಎರಡು ಸಾಲುಗಳ ಮೇಲೆ ಬೆರಳಿಟ್ಟಳು.

"ಇದನ್ನು ನೋಡಿದಿಯಾ?"

ಸುಹಾಸ ಬಗ್ಗಿ ನೋಡಿದ. ಉತ್ತರ ಬಾರದಿದ್ದರೆ ಸ್ವಲ್ಪ ಹೊತ್ತು ಕಾದು ಬಾಗಿಲನ್ನು ತೆರೆಯತಕ್ಕದ್ದು ಎಂದು ಆ ಸಾಲುಗಳ ಅರ್ಥ. "ಸ್ವಿಚ್ಚು ಕೆಟ್ಟುಹೋದ್ರೆ ಊರಿಡೀ ನಿಲ್ಲಬಾರದು ಅಂತ ಇರ್ಬೇಕು" ಎಂದ, ತಗ್ಗಿದ ದನಿಯಲ್ಲಿ.

"ಉತ್ತರ ಬಾರದೆ ಇರುದು ಯಾವಾಗ? ಯಾರಾದ್ರೂ ಕೆಳಗೆ ಉಳಿದಾಗ. ಆಗಲೇ ಇದು ತೆರೆಯುದು. ಹೋಗಿ ನಿನ್ನ ಮಾವನಿಗೆ ಹೇಳು. ಈ ಎರಡು ಸಾಲು ತೆಗೆಸು."

ಅವನು ಓಡಿದ. ಸ್ವಲ್ಪ ಹೊತ್ತಿನಲ್ಲಿ ಫೋನ್ ಮಾಡಿದ. ಮೂಲ ಹೇಗುಂಟೋ ಹಾಗೆ, ಒಮ್ಮೆ ಮುಟ್ಟಿ ಎರಡು ಜೀವ ಹೋದದ್ದು ಸಾಕು ಎಂದರಂತೆ ಮಾವ.

ಮಧ್ಯಾಹ್ನ ಕಟ್ಟೆಯ ಮೇಲೆ ಶಾಮಿಯಾನ ಹಾಕಿದ್ದರು. ಪೇಟೆಯವರೆಲ್ಲ ಬಂದಿದ್ದರು. ರಘುವೀರರು ಮಾತಾಡಿದರು. ಮೂಲದ ಜೊತೆ ಹೆಜ್ಜೆ ತಪ್ಪದೆ ನಡೆದದ್ದರಿಂದಲೇ ಈ ಭಾಗ್ಯ ನಮ್ಮೂರಿಗೆ ಬಂತು ಎಂದರು. ಗಂಟೆ ಬಾರಿಸಿತು. ಕೇರಿಯವರು ಹತ್ತಿ ಬಂದು ನಿಂತರು. "ಬನ್ನಿ ಕಮಲಕ್ಕ, ಒತ್ತಿ" ಎಂದು ಮೈಕಿನಲ್ಲಿ ಕರೆದರು. ಬಿಳಿ ಸೀರೆ ಉಟ್ಟುಕೊಂಡಿದ್ದ ಕಮಲಿ ಸ್ವಿಚ್ಚಿನ ಹತ್ತಿರ ಬಂದು ಅದನ್ನೊಮ್ಮೆ ನೋಡಿದಳು. ಆಮೇಲೆ ಅದನ್ನು ಒತ್ತದೆ ಮೆಟ್ಟಿಲು ಇಳಿದು ಹೋದಳು. ನಡುಕೇರಿಯಲ್ಲಿ, ದೂಮಣ್ಣ ಕೊನೆಯ ಸಲ ಕಂಡ ಜಾಗದಲ್ಲಿ, ಸೆರಗು ಹೊದ್ದುಕೊಂಡು ಕುಳಿತಳು. ಕಾಯುತ್ತದೆಯೇ ಎಂದು ನೋಡಬೇಕಿತ್ತು ಅವಳಿಗೆ.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಭಾವುಕಳಾಗಿದ್ದಾಳೆ ಎಂದು ಮೈಕಿನಲ್ಲಿ ಯಾರೋ ಹೇಳಿದರು. ಕಾಯ್ತದೆ, ಈಗ ಕಾಯ್ತದಲ್ಲ, ಸಮಾಧಾನ ಆದ ಮೇಲೆ ಬರ್ತಾಳೆ ಎಂದರು ರಘುವೀರರು. ವಾರಿಜಕ್ಕ ನನ್ನ ಪಕ್ಕದಲ್ಲಿದ್ದವಳು ಜನರನ್ನು ನೂಕಿಕೊಂಡು ಹೋದಳು. ಅವಳು ಮೆಟ್ಟಿಲುಗಳನ್ನು ಇಳಿದ ರೀತಿಯನ್ನು ನಾನು ಮರೆಯಲಾರೆ. ಇಳಿದದ್ದಲ್ಲ, ಬಿದ್ದದ್ದು. ಕಮಲಿಯ ರಟ್ಟೆ ಹಿಡಿದು ಎಳೆದಳು. ಕಮಲಿ ಬರಲೊಲ್ಲೆ ಎಂದು ಕೈ ಬಿಡಿಸಿಕೊಂಡಳು. ವಾರಿಜಕ್ಕ ಕೆನ್ನೆಗೆ ಒಂದು ಕೊಟ್ಟಳು. ಆಮೇಲೆ ಇಬ್ಬರೂ ಓಡಿದರು. ಅವರು ಮೆಟ್ಟಿಲ ಬುಡ ಮುಟ್ಟುವಾಗ ಬಾಗಿಲು ತೆರೆಯಿತು. ಅರ್ಧ ಹತ್ತುವಾಗ ನೀರು ಸೊಂಟಕ್ಕೆ ಬಂದಿತ್ತು. ಸುಹಾಸ ಇಳಿದು ಇಬ್ಬರನ್ನೂ ಮೇಲಕ್ಕೆ ಎಳೆದುಕೊಂಡ.

ಶಾಮಿಯಾನದ ಹಿಂದಿನ ಸಾಲುಗಳಲ್ಲಿ ಕುಳಿತವರಿಗೆ ಇದೆಲ್ಲ ಕಾಣುತ್ತಿರಲಿಲ್ಲ. ಅವರಿಗೆ ನೀರು ನುಗ್ಗಿದ ಸದ್ದು ಮಾತ್ರ ಕೇಳಿತು. ಉದ್ಘಾಟನೆ ಆಯಿತೆಂದು ಅವರು ಚಪ್ಪಾಳೆ ತಟ್ಟಿದರು.

ಕಮಲಿ ಕಟ್ಟೆಯ ಅಂಚಿನಲ್ಲಿ ಸೀರೆ ಹಿಂಡಿಕೊಳ್ಳುತ್ತ, "ಇದೂ ಕಾಯುದಿಲ್ವಾ ಅಕ್ಕ?" ಎಂದು ಕೇಳಿದಳು.

"ಇಲ್ಲ."

"ಹಾಗಾದ್ರೆ ನಾನು ಅವತ್ತು ಒತ್ತಿದ್ದಲ್ಲ."

"ನೀನು ಒತ್ತಿದ್ದಲ್ಲ ಕಮಲಿ."

ಆ ಮಾತನ್ನು ಕಮಲಿ ಮತ್ತೆ ಮತ್ತೆ ಹೇಳಿಸಿಕೊಂಡಳು. ಚಪ್ಪಾಳೆಯ ನಡುವೆ ನನಗೆ ಅವಳ ತುಟಿ ಅಲುಗುವುದಷ್ಟೇ ಕಾಣುತ್ತಿತ್ತು.

ಆಮೇಲೆ ಸುಹಾಸ ಮಾವನ ಜೊತೆ ಜಗಳವಾಡಿ ವಾರಿಜಕ್ಕನನ್ನು ಕಚೇರಿಗೆ ಮರಳಿ ಕರೆಸಿಕೊಂಡ. ರಘುವೀರರು ಒಂದು ಷರತ್ತು ಹಾಕಿದರು. ಅವಳು ಓದಬಹುದು, ಒಂದು ಅಕ್ಷರವನ್ನೂ ತಿದ್ದುವಂತಿಲ್ಲ. ಇಂಥ ಅವಮಾನಕ್ಕೆ ಹೋಗಬೇಡ ಎಂದು ನಾನು ಹೇಳಿದೆ. ಅವಳು ಹೋದಳು. ಈಗ ಸುಹಾಸನ ಪಕ್ಕದ ಸಣ್ಣ ಸ್ಟೂಲಿನ ಮೇಲೆ ಕುಳಿತು, ಮೂಲದಿಂದ ಬಂದದ್ದನ್ನೆಲ್ಲ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುತ್ತಾಳೆ. ನೀರಿಳಿದೊಡನೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹೊರಡುತ್ತಾಳೆ. ಮನೆಮನೆಯ ಮುಂದೆ ನಿಂತು, ಈ ಸಲದಿಂದ ಬಾಗಿಲು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ಹೇಳುತ್ತಾಳೆ. ಜನ ಕೆಲಸ ನಿಲ್ಲಿಸಿ ಕೇಳುತ್ತಾರೆ, ಯಾರೂ ಎದುರು ಮಾತಾಡುವುದಿಲ್ಲ. ಬುಟ್ಟಿ ಕೇರಿಯಲ್ಲಿ ಒಬ್ಬೊಬ್ಬರಾಗಿ ಮನೆ ಖಾಲಿ ಮಾಡುತ್ತಿದ್ದಾರೆ. ಉಳಿದವರಿಗೆ ಅವಳು ಪ್ರತಿ ಸಲವೂ ಹೇಳುವುದು ಒಂದೇ ಮಾತು: ಗಂಟೆ ಕೇಳಿದ ಕೂಡಲೇ ಕೈಯಲ್ಲಿದ್ದದ್ದು ಅಲ್ಲೇ ಬಿಟ್ಟು ಹತ್ತಿ, ಹಿಂದೆ ಯಾರು ಉಳಿದರೆಂದು ನೋಡಲು ನಿಲ್ಲಬೇಡಿ. ದೂಮಣ್ಣನ ಕೇರಿಯಲ್ಲಿ ನಿಂತು ಹಾಗೆ ಹೇಳಲು ಅವಳಿಗೆ ಹೇಗೆ ಬಾಯಿ ಬರುತ್ತದೋ ನನಗೆ ಗೊತ್ತಿಲ್ಲ. ಜನ ಹಾಗೇ ಮಾಡುತ್ತಾರೆ. ಈಗ ಅಲ್ಲಿ ಗಂಟೆಯಾದ ಮೇಲೆ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ.